ವಿಜ್ಞಾನ ಲೇಖನದ ಆಕರಪಟ್ಟಿ

ವಿಜ್ಞಾನದ ಯಾವುದಾದರೊಂದು ಸಂಶೋಧನ ಪತ್ರಿಕೆಯನ್ನು ತೆರೆದು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದಿರದು. ಪ್ರತಿಯೊಂದು ಲೇಖನದ ಕೊನೆಯಲ್ಲಿಯೂ ಸಣ್ಣ ಅಕ್ಷರಗಳಲ್ಲಿ ಅಚ್ಚಾದ ಒಂದು ಪಟ್ಟಿಯಿರುತ್ತದೆ. ಹೆಸರುಗಳು, ಮೊಟಕುಗೊಂಡ ಪದಗಳು, ಅಂಕೆಗಳು, ಕಂಸಗಳು ಅದರಲ್ಲಿ ಸಾಲುಸಾಲಾಗಿ ನಿಂತಿರುತ್ತವೆ. ಸಾಮಾನ್ಯ ವಾಚಕರು ಲೇಖನವನ್ನೇನೋ ಆಸಕ್ತಿಯಿಂದ ಓದುತ್ತಾರೆ. ಈ ಪಟ್ಟಿಗೆ ಬಂದೊಡನೆ ಪುಟವನ್ನು ಮಗುಚುತ್ತಾರೆ. ಕಾಲೇಜಿನ ವಿದ್ಯಾರ್ಥಿಗಳಿಗಂತೂ ಇದು ಪ್ರಾಜೆಕ್ಟ್ ವರದಿಯನ್ನು ಒಪ್ಪಿಸುವ ಹಿಂದಿನ ರಾತ್ರಿ ಹೇಗೋ ತುಂಬಿಸಿಬಿಡುವ ಭಾಗ. ಅಲ್ಪವಿರಾಮ ಇಲ್ಲಿರಬೇಕೋ ಅಲ್ಲಿರಬೇಕೋ ಎಂಬ ಜಿಜ್ಞಾಸೆಗೂ ವಿಜ್ಞಾನಕ್ಕೂ ಏನು ಸಂಬಂಧವೆಂದು ಅವರು ಕೇಳುವುದುಂಟು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಹೆಸರೊಂದೇ ಸಾಲದು

ಹಿಂದಿನವರನ್ನು ಹೆಸರಿಸಿ ಮಾತನಾಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಸಂಸ್ಕೃತದ ವ್ಯಾಖ್ಯಾನಕಾರರು ಪದವೊಂದಕ್ಕೆ ಅರ್ಥ ಹೇಳಿ, ಪ್ರಮಾಣವಾಗಿ ‘ಇತ್ಯಮರಃ’ ಎಂದು ಸೇರಿಸುತ್ತಿದ್ದರು. ಈ ಅರ್ಥ ತಮ್ಮ ಕಲ್ಪನೆಯಲ್ಲ, ಅಮರಕೋಶದಲ್ಲಿ ಇರುವುದು ಎಂದು ಇದರ ತಾತ್ಪರ್ಯ. ಕನ್ನಡದಲ್ಲಿ ನಮಗೆ ದೊರೆತಿರುವ ಮೊದಲ ಗ್ರಂಥವಾದ 9ನೆಯ ಶತಮಾನದ ‘ಕವಿರಾಜಮಾರ್ಗ’ವು ತನಗಿಂತ ಹಿಂದಿನ ಗದ್ಯಲೇಖಕರನ್ನು ಹೆಸರಿಸುತ್ತದೆ: ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಆದರೆ ಇವರು ಬರೆದ ಕನ್ನಡ ಗ್ರಂಥಗಳಾವುವು, ಅವುಗಳಲ್ಲಿ ಏನಿತ್ತು ಎಂಬುದು ಇಂದಿಗೂ ತಿಳಿಯದು. ಹೆಸರು ಉಳಿಯಿತು, ಕೃತಿ ಉಳಿಯಲಿಲ್ಲ. ಹೆಸರು ಗೌರವವನ್ನು ಸೂಚಿಸುತ್ತದೆ. ಆದರೆ ಓದುಗನನ್ನು ಕೃತಿಯ ಬಳಿಗೆ ಕರೆದೊಯ್ಯಲು ಅಷ್ಟೇ ಸಾಲದು.

ನಮ್ಮ ಶಾಸನ ಸಂಶೋಧಕರಿಗೆ ಈ ತೊಡಕು ಚೆನ್ನಾಗಿ ಗೊತ್ತು. ಬಿ. ಎಲ್. ರೈಸ್ ಅವರು ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಶಾಸನವೊಂದನ್ನು ಸೂಚಿಸಬೇಕಾದರೆ ಸಂಪುಟ, ತಾಲ್ಲೂಕು, ಶಾಸನದ ಕ್ರಮಸಂಖ್ಯೆ ಈ ಮೂರನ್ನು ಹೇಳಿದರೆ ಸಾಕು, ಕಲ್ಲು ಯಾವ ಊರಿನಲ್ಲಿದ್ದರೂ ಪಾಠ ಕೈಗೆ ಸಿಕ್ಕುತ್ತದೆ. ಪರಿಷ್ಕೃತ ಮುದ್ರಣಗಳಲ್ಲಿ ಸಂಖ್ಯೆಗಳು ಬದಲಾಗಿರುವುದರಿಂದ ಯಾವ ಮುದ್ರಣವೆಂಬುದನ್ನೂ ಹೇಳಬೇಕಾಗುತ್ತದೆ. ವಿಜ್ಞಾನದ ಆಕರಪಟ್ಟಿಯ ತತ್ತ್ವವೂ ಇದೇ. ಅದು ಸ್ಮರಣೆಯೂ ಹೌದು, ವಿಳಾಸವೂ ಹೌದು.

ಒಂದು ಸಾಲಿನ ಅಂಗಾಂಗಗಳು

ಈ ವಿಳಾಸ ಹೇಗಿರುತ್ತದೆಂಬುದನ್ನು ಒಂದು ಪ್ರಸಿದ್ಧ ನಿದರ್ಶನದಿಂದ ನೋಡೋಣ. ರಾಮನ್ ಪರಿಣಾಮವನ್ನು ಲೋಕಕ್ಕೆ ತಿಳಿಸಿದ ಕಿರುಲೇಖನವನ್ನು ಭೌತಶಾಸ್ತ್ರದ ಪತ್ರಿಕೆಗಳು ಹೀಗೆ ನಮೂದಿಸುತ್ತವೆ:

ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್, ನೇಚರ್ 121, 501 (1928).

ಇಲ್ಲಿ ಮೊದಲಿಗೆ ಲೇಖಕರ ಹೆಸರು, ಆಮೇಲೆ ಪತ್ರಿಕೆಯ ಹೆಸರು, ಸಂಪುಟದ ಸಂಖ್ಯೆ, ಲೇಖನ ಆರಂಭವಾಗುವ ಪುಟ, ಕೊನೆಗೆ ಕಂಸದಲ್ಲಿ ವರ್ಷ. ಅಚ್ಚಿನಲ್ಲಿ ಸಂಪುಟದ ಸಂಖ್ಯೆಯನ್ನು ದಪ್ಪಕ್ಷರದಲ್ಲಿ ಮುದ್ರಿಸುವುದು ಭೌತಶಾಸ್ತ್ರದ ಪತ್ರಿಕೆಗಳ ರೂಢಿ. ಪಕ್ಕದ ಪುಟಸಂಖ್ಯೆಯೊಡನೆ ಅದು ಬೆರೆಯದಿರಲೆಂದು ಈ ಏರ್ಪಾಡು. ‘ಸಂಪುಟ’, ‘ಪುಟ’ ಎಂಬ ಪದಗಳನ್ನು ಬರೆಯುವುದೇ ಇಲ್ಲ. ಪ್ರತಿಯೊಂದು ಅಂಕೆಯೂ ತಾನು ನಿಂತ ಸ್ಥಾನದಿಂದಲೇ ತನ್ನ ಅರ್ಥವನ್ನು ಪಡೆಯುತ್ತದೆ. 365 ಎಂಬ ಸಂಖ್ಯೆಯಲ್ಲಿ 3 ಎಂಬ ಅಂಕೆಗೆ ಮುನ್ನೂರೆಂಬ ಬೆಲೆ ಬರುವುದು ಅದು ನಿಂತಿರುವ ಸ್ಥಾನದಿಂದಲ್ಲವೆ? ಅದರಂತೆಯೇ ಇದು. ಆದುದರಿಂದಲೇ ಸಂಪಾದಕರು ಕ್ರಮದ ವಿಷಯದಲ್ಲಿ ಅಷ್ಟು ನಿಷ್ಠುರರು. ಸ್ಥಾನ ತಪ್ಪಿದರೆ ಅರ್ಥವೇ ತಪ್ಪುತ್ತದೆ.

ಸಂಪುಟ ಗೊತ್ತಿದ್ದ ಮೇಲೆ ವರ್ಷವೇಕೆ ಎಂದು ಕೆಲವರು ಕೇಳಬಹುದು. ನೇಚರ್ ಪತ್ರಿಕೆಯ 121ನೆಯ ಸಂಪುಟವೆಂದರೆ 1928ರ ಜನವರಿಯಿಂದ ಜೂನ್ ವರೆಗಿನ ಸಂಚಿಕೆಗಳು. ಎಂದಮೇಲೆ ವರ್ಷವನ್ನು ಹೇಳುವುದು ಪುನರುಕ್ತಿಯಾಗಿ ತೋರುತ್ತದೆ. ಆದರೆ ಈ ಪುನರುಕ್ತಿಗೆ ಒಂದು ಪ್ರಯೋಜನವುಂಟು. ಯಾರಾದರೂ ಕೈತಪ್ಪಿ 121ರ ಬದಲು 211 ಎಂದು ಬರೆದರೆನ್ನಿ. ನೇಚರಿನ 211ನೆಯ ಸಂಪುಟ ಹೊರಬಂದುದು 1966ರಲ್ಲಿ. ಸಂಪುಟಕ್ಕೂ ವರ್ಷಕ್ಕೂ ಹೊಂದಿಕೆಯಾಗದಿರುವುದು ಕೂಡಲೆ ಗೊತ್ತಾಗಿ, ತಪ್ಪು ಸಿಕ್ಕಿಬೀಳುತ್ತದೆ. ಪುಟಸಂಖ್ಯೆಗೆ ಇಂಥ ಕಾವಲಿಲ್ಲ. 501 ಎಂಬುದು 510 ಆದರೆ ಅದನ್ನು ಹಿಡಿಯುವ ಉಪಾಯ ಆ ಸಾಲಿನೊಳಗೆ ಯಾವುದೂ ಇಲ್ಲ. ಅನೇಕ ಪತ್ರಿಕೆಗಳು ಲೇಖನದ ಶೀರ್ಷಿಕೆಯನ್ನೂ ಕೊನೆಯ ಪುಟದ ಸಂಖ್ಯೆಯನ್ನೂ ಕೊಡಬೇಕೆಂದು ವಿಧಿಸಿರುವುದರ ಮರ್ಮ ಇಲ್ಲಿದೆ.

ಎರಡು ಪದ್ಧತಿಗಳು

ಲೇಖನದ ಒಡಲಿನಲ್ಲಿ ಆಕರವನ್ನು ಸೂಚಿಸುವ ಬಗೆಗಳು ನೂರಾರಿದ್ದರೂ ಅವುಗಳಲ್ಲಿ ಮುಖ್ಯವಾದುವು ಎರಡು.

ಮೊದಲನೆಯದು ಹೆಸರು ಮತ್ತು ವರ್ಷದ ಪದ್ಧತಿ. ಇದರಲ್ಲಿ ವಾಕ್ಯದ ಪಕ್ಕದಲ್ಲಿಯೇ ‘(ರಾಮನ್ ಮತ್ತು ಕೃಷ್ಣನ್, 1928)’ ಎಂದು ಬರೆಯುತ್ತಾರೆ. ಕೊನೆಯ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಎಂಬುವರು ಚಿಪ್ಪಿಲ್ಲದ ಒಂದು ಬಗೆಯ ಬಸವನಹುಳುವನ್ನು ಕುರಿತು 1881ರಲ್ಲಿ ಬರೆದ ಪ್ರಬಂಧದಲ್ಲಿ ಈ ಕ್ರಮವನ್ನು ಬಳಸಿದರು. ‘ಹಾರ್ವರ್ಡ್ ಪದ್ಧತಿ’ ಎಂಬ ಹೆಸರಿಗೆ ಇದೇ ಮೂಲವೆಂದು ಹೇಳುತ್ತಾರೆ. ಎರಡನೆಯದು ಸಂಖ್ಯಾಪದ್ಧತಿ. ಇದರಲ್ಲಿ ವಾಕ್ಯದ ಪಕ್ಕದಲ್ಲಿ [1], [2] ಎಂದು ಅಂಕೆಯನ್ನು ಮಾತ್ರ ಹಾಕಿ, ಲೇಖನದಲ್ಲಿ ಆಕರಗಳು ಬರುವ ಅನುಕ್ರಮದಲ್ಲಿಯೇ ಪಟ್ಟಿಯನ್ನು ಕೊಡುತ್ತಾರೆ. ಭೌತಶಾಸ್ತ್ರದಲ್ಲಿ ಇದೇ ಹೆಚ್ಚು ಬಳಕೆಯಲ್ಲಿದೆ. 1978ರಲ್ಲಿ ಕೆನಡಾದ ವ್ಯಾಂಕೂವರ್ ನಗರದಲ್ಲಿ ಸಭೆ ಸೇರಿದ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಹಸ್ತಪ್ರತಿಗಳಿಗೆ ಏಕರೂಪದ ನಿಯಮಗಳನ್ನು ರಚಿಸಲು ತೊಡಗಿದರು. ವೈದ್ಯಶಾಸ್ತ್ರದಲ್ಲಿ ಸಂಖ್ಯಾಪದ್ಧತಿಗೆ ‘ವ್ಯಾಂಕೂವರ್ ಶೈಲಿ’ ಎಂದು ಹೆಸರು ಬಂದುದು ಅಲ್ಲಿಂದ.

ಇವುಗಳಲ್ಲಿ ಯಾವುದು ಮೇಲು? ಹೆಸರು ಮತ್ತು ವರ್ಷ ಕಣ್ಣೆದುರಿಗಿದ್ದರೆ, ವಿಷಯವನ್ನು ಬಲ್ಲ ವಾಚಕನಿಗೆ ಪುಟವನ್ನು ತಿರುವದೆಯೇ ಆಕರ ಯಾವುದೆಂದು ತಿಳಿಯುತ್ತದೆ; ಕೆಲಸ ಹಳೆಯದೋ ಹೊಸದೋ ಎಂಬುದೂ ಗೊತ್ತಾಗುತ್ತದೆ. ಆದರೆ ಒಂದೇ ವಾಕ್ಯಕ್ಕೆ ಹತ್ತು ಆಕರಗಳಿದ್ದರೆ ವಾಕ್ಯವು ಹೆಸರುಗಳ ರಾಶಿಯಲ್ಲಿ ಮುಚ್ಚಿಹೋಗುತ್ತದೆ. ಸಂಖ್ಯಾಪದ್ಧತಿಯಲ್ಲಿ ಓದು ಸರಾಗವಾಗಿ ಸಾಗುತ್ತದೆ, ಸ್ಥಳವೂ ಉಳಿಯುತ್ತದೆ. ಅದರ ತೊಂದರೆ ಬರೆಯುವವನಿಗೆ. ನಲವತ್ತು ಆಕರಗಳ ಲೇಖನದಲ್ಲಿ ಮೂರನೆಯದಾಗಿ ಹೊಸದೊಂದನ್ನು ಸೇರಿಸಿದರೆ ಅದರ ಮುಂದಿನ ಎಲ್ಲ ಅಂಕೆಗಳನ್ನೂ ತಿದ್ದಬೇಕು. ಹೆಸರಿನ ಪದ್ಧತಿಗೂ ಅದರದೇ ಆದ ತೊಡಕುಂಟು. ರಾಮನ್ ಮತ್ತು ಕೃಷ್ಣನ್ ಇಬ್ಬರೂ ಸೇರಿ 1928ರಲ್ಲಿ ನೇಚರಿನ 121ನೆಯ ಸಂಪುಟದಲ್ಲಿಯೇ 501ನೆಯ ಪುಟದಲ್ಲಿ ಒಂದು, 711ನೆಯ ಪುಟದಲ್ಲಿ ಇನ್ನೊಂದು ಟಿಪ್ಪಣಿಯನ್ನು ಪ್ರಕಟಿಸಿದರು. ಹೆಸರೂ ಒಂದೇ, ವರ್ಷವೂ ಒಂದೇ. ಇಂಥಲ್ಲಿ ‘1928ಎ’, ‘1928ಬಿ’ ಎಂದು ಅಕ್ಷರ ಸೇರಿಸಿ ಬೇರ್ಪಡಿಸಬೇಕಾಗುತ್ತದೆ. ಒಟ್ಟಿನಲ್ಲಿ ಎರಡಕ್ಕೂ ಗುಣದೋಷಗಳುಂಟು. ಲೇಖನವನ್ನು ಯಾವ ಪತ್ರಿಕೆಗೆ ಕಳುಹಿಸುತ್ತೇವೆಯೋ ಅದರ ನಿಯಮವನ್ನು ಅನುಸರಿಸುವುದೇ ಲೇಖಕನಿಗೆ ಉಳಿದಿರುವ ದಾರಿ.

ಹೆಸರುಗಳ ಗೋಜು

ಲೇಖಕರ ಹೆಸರನ್ನು ಬರೆಯುವುದು ಸುಲಭವೆಂದು ತೋರುತ್ತದೆ. ಆದರೆ ನಿಯಮಗಳೆಲ್ಲ ಪಾಶ್ಚಾತ್ಯ ನಾಮಪದ್ಧತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದುವು. ಅಲ್ಲಿ ಕೊನೆಯ ಪದವೇ ಮನೆತನದ ಹೆಸರು. ನಮ್ಮಲ್ಲಿ ಹಾಗಲ್ಲ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬಲ್ಲಿ ಮೊದಲನೆಯದು ಊರು, ಎರಡನೆಯದು ತಂದೆಯ ಹೆಸರು, ಮೂರನೆಯದು ಸ್ವಂತ ಹೆಸರು. ಚಂದ್ರಶೇಖರ ವೆಂಕಟರಾಮನ್ ಎಂಬಲ್ಲಿ ಚಂದ್ರಶೇಖರ ಎಂಬುದು ತಂದೆಯ ಹೆಸರು, ವೆಂಕಟರಾಮನ್ ಎಂಬುದು ಸ್ವಂತ ಹೆಸರು. ಸ್ವಂತ ಹೆಸರೇ ಎರಡಾಗಿ ಒಡೆದು ‘ವಿ. ರಾಮನ್’ ಎಂದಾಯಿತು, ಆಕರಪಟ್ಟಿಗಳಲ್ಲಿ ‘ರಾಮನ್’ ಎಂಬ ಅರ್ಧವೇ ಮನೆತನದ ಹೆಸರಿನ ಸ್ಥಾನದಲ್ಲಿ ನೆಲೆಗೊಂಡಿತು. ನಮ್ಮ ತರುಣ ಲೇಖಕರು ಇದರಿಂದ ಒಂದು ಪಾಠವನ್ನು ಕಲಿಯಬಹುದು. ಮೊದಲ ಲೇಖನದಲ್ಲಿ ಹೆಸರನ್ನು ಯಾವ ರೂಪದಲ್ಲಿ ಅಚ್ಚುಮಾಡಿಸುತ್ತೇವೆಯೋ ಕೊನೆಯವರೆಗೂ ಅದೇ ರೂಪವನ್ನು ಉಳಿಸಿಕೊಳ್ಳಬೇಕು. ಇಲ್ಲದಿದ್ದರೆ ಒಬ್ಬನೇ ವ್ಯಕ್ತಿ ಸೂಚಿಗಳಲ್ಲಿ ಇಬ್ಬರು ಮೂವರಾಗಿ ಹಂಚಿಹೋಗುತ್ತಾನೆ. ಈ ಗೊಂದಲವನ್ನು ತಪ್ಪಿಸಲು 2012ರಿಂದ ಸಂಶೋಧಕರಿಗೆ ‘ಆರ್ಕಿಡ್’ ಎಂಬ 16 ಸ್ಥಾನಗಳ ಗುರುತುಸಂಖ್ಯೆಯನ್ನು ಕೊಡುವ ವ್ಯವಸ್ಥೆ ಬಂದಿದೆ.

ಲೇಖಕರು ಹಲವರಿದ್ದರೆ ಮೊದಲನೆಯವರ ಹೆಸರನ್ನು ಹೇಳಿ ‘ಮತ್ತು ಇತರರು’ ಎಂದು ಮುಗಿಸುವುದುಂಟು. ಈ ಸೌಕರ್ಯವಿಲ್ಲದಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಒಂದು ನಿದರ್ಶನ. ಹಿಗ್ಸ್ ಕಣದ ದ್ರವ್ಯರಾಶಿಯನ್ನು ಅಳೆದು 2015ರಲ್ಲಿ ಪ್ರಕಟಿಸಿದ ಲೇಖನಕ್ಕೆ 5,154 ಜನ ಲೇಖಕರು. 33 ಪುಟಗಳ ಆ ಲೇಖನದಲ್ಲಿ 24 ಪುಟಗಳು ಅವರ ಹೆಸರುಗಳಿಗೂ ಸಂಸ್ಥೆಗಳಿಗೂ ಮೀಸಲಾದುವು. ಅದರ ವಿಳಾಸವಾದರೋ ಒಂದೇ ಸಾಲು: ಜಿ. ಆಡ್ ಮತ್ತು ಇತರರು, ಫಿಸಿಕಲ್ ರಿವ್ಯೂ ಲೆಟರ್ಸ್ 114, 191803 (2015). ಇಲ್ಲಿ 191803 ಎಂಬುದು ಪುಟಸಂಖ್ಯೆಯಲ್ಲ. ಅಂತರಜಾಲದಲ್ಲಿ ಪ್ರಕಟವಾಗುವ ಲೇಖನಗಳಿಗೆ ಸಾಲುಪುಟಗಳ ಕಟ್ಟು ಇಲ್ಲವಾದುದರಿಂದ ಅದರ ಸ್ಥಾನದಲ್ಲಿ ಲೇಖನಕ್ಕೇ ಒಂದು ಸಂಖ್ಯೆಯನ್ನು ಕೊಡುತ್ತಾರೆ.

2000ದಿಂದ ಈಚೆಗೆ ಬಳಕೆಗೆ ಬಂದ ‘ಡಿ. ಓ. ಐ.’ ಎಂಬ ಗುರುತನ್ನೂ ಇಲ್ಲಿಯೇ ಹೇಳಬೇಕು. ಅದು ಯಾವಾಗಲೂ 10 ಎಂಬ ಅಂಕೆಯಿಂದ ಆರಂಭವಾಗುತ್ತದೆ. 10.1038 ಎಂದಿದ್ದರೆ ನೇಚರ್ ಪ್ರಕಾಶನ, 10.1103 ಎಂದಿದ್ದರೆ ಅಮೆರಿಕದ ಭೌತಶಾಸ್ತ್ರ ಸಂಘ. ಅಡ್ಡಗೀಟಿನ ಮುಂದಿನ ಭಾಗ ಆ ಲೇಖನಕ್ಕೇ ಮೀಸಲು. ಜಾಲತಾಣದ ವಿಳಾಸ ಬದಲಾದರೂ ಈ ಗುರುತು ಬದಲಾಗದು.

ಋಣವೂ ಸಾಕ್ಷ್ಯವೂ

ರೂಪದ ಮಾತು ಇಷ್ಟು ಸಾಕು. ಇನ್ನು ಆಕರವನ್ನು ಎಲ್ಲಿ ಸೂಚಿಸಬೇಕು, ಏಕೆ ಸೂಚಿಸಬೇಕು ಎಂಬುದನ್ನು ವಿಚಾರ ಮಾಡೋಣ.

1928ರ ಫೆಬ್ರವರಿ 28ರಂದು ರಾಮನ್ನರು ಕಲ್ಕತ್ತೆಯಲ್ಲಿ, ಚೆದರಿದ ಬೆಳಕಿನಲ್ಲಿ ತರಂಗದೂರ ಬದಲಾದ ಕಿರಣಗಳನ್ನು ಸ್ಪಷ್ಟವಾಗಿ ಕಂಡರು. ಮಾರ್ಚ್ 16ರಂದು ಬೆಂಗಳೂರಿನಲ್ಲಿ ಅದನ್ನು ಕುರಿತು ಉಪನ್ಯಾಸ ಮಾಡಿದರು. ನೇಚರಿನ ಟಿಪ್ಪಣಿ ಹೊರಬಂದುದು ಮಾರ್ಚ್ 31ರಂದು. ಅದೇ ಕಾಲದಲ್ಲಿ ಮಾಸ್ಕೋ ನಗರದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಷ್ಟಾಮ್ ಎಂಬ ಇಬ್ಬರು ವಿಜ್ಞಾನಿಗಳು ಬೆಣಚುಕಲ್ಲಿನ ಹರಳಿನಲ್ಲಿ ಇಂಥದೇ ವಿದ್ಯಮಾನವನ್ನು ಫೆಬ್ರವರಿ 21ರಂದೇ ಕಂಡಿದ್ದರು; ಆದರೆ ಅವರ ಲೇಖನ ಜರ್ಮನಿಯ ಪತ್ರಿಕೆಯಲ್ಲಿ ಅಚ್ಚಾದುದು ಜುಲೈ ತಿಂಗಳಲ್ಲಿ. ಆ ವೇಳೆಗೆ ರಾಮನ್ನರ ಟಿಪ್ಪಣಿ ಅವರ ಕಣ್ಣಿಗೆ ಬಿದ್ದಿತ್ತು. ಅವರು ಅದನ್ನು ಮರೆಮಾಚಲಿಲ್ಲ. ರಾಮನ್ನರ ಬರಹವನ್ನು ಉಲ್ಲೇಖಿಸಿ, ಅದರ ವಿವರಣೆ ಬಹಳ ಸಂಕ್ಷಿಪ್ತವಾಗಿರುವುದರಿಂದ ತಾವು ಕಂಡುದಕ್ಕೂ ಅದಕ್ಕೂ ಎಷ್ಟು ಸಂಬಂಧವೆಂಬುದನ್ನು ಸದ್ಯಕ್ಕೆ ಹೇಳಲಾರೆವೆಂದು ಬರೆದರು. ತಮ್ಮ ಹಿರಿಮೆಗೆ ಕುಂದು ತರಬಹುದಾದ ಸಂಗತಿಯನ್ನು ತಾವೇ ಓದುಗರ ಮುಂದಿಟ್ಟರು. 1930ರ ನೊಬೆಲ್ ಪಾರಿತೋಷಕ ರಾಮನ್ನರೊಬ್ಬರಿಗೇ ಸಂದಿತು. ಯಾರು ಮೊದಲು ಎಂಬ ಚರ್ಚೆ ಬಹುಕಾಲ ನಡೆಯಿತು. ಆ ಚರ್ಚೆಯಲ್ಲಿ ಯಾವ ಪಕ್ಷವನ್ನು ಹಿಡಿಯುವವರಾದರೂ ಆಧಾರವಾಗಿ ನೋಡಬೇಕಾದುದು ಈ ಸಾಲುಗಳನ್ನೇ. ಯಾರಿಗೆ ಯಾವಾಗ ಏನು ತಿಳಿದಿತ್ತೆಂಬುದಕ್ಕೆ ಆಕರಪಟ್ಟಿಯೇ ಸಾಕ್ಷಿ.

ಎಲ್ಲ ಲೇಖಕರೂ ಒಂದೇ ರೀತಿಯಾಗಿ ನಡೆದುಕೊಂಡಿಲ್ಲ. ಸಾಪೇಕ್ಷತಾವಾದವನ್ನು ಮಂಡಿಸಿದ ಐನ್‌ಸ್ಟೈನರ 1905ರ ಪ್ರಬಂಧದಲ್ಲಿ ಆಕರಪಟ್ಟಿಯೇ ಇಲ್ಲ. ಕೊನೆಯಲ್ಲಿ ಬೆಸ್ಸೋ ಎಂಬ ಮಿತ್ರನಿಗೆ ಕೃತಜ್ಞತೆ ಮಾತ್ರ ಇದೆ. ಅವರು ಯಾರ ಬರಹಗಳನ್ನು ಓದಿದ್ದರೆಂದು ಇತಿಹಾಸಕಾರರು ಇಂದಿಗೂ ತರ್ಕಿಸುತ್ತಿದ್ದಾರೆ. ಡಿ. ಎನ್. ಎ. ಅಣುವಿನ ರಚನೆಯನ್ನು ತಿಳಿಸಿದ ವಾಟ್ಸನ್ ಮತ್ತು ಕ್ರಿಕ್ಕರ 1953ರ ಲೇಖನದಲ್ಲಿ ಆರೇ ಆರು ಆಕರಗಳು. ರೊಸಾಲಿಂಡ್ ಫ್ರಾಂಕ್ಲಿನ್ನರ ಪ್ರಯೋಗಶಾಲೆಯ ಕ್ಷಕಿರಣಚಿತ್ರವನ್ನು ವಾಟ್ಸನ್ನರು ಆಕೆಗೆ ತಿಳಿಯದಂತೆ ಕಂಡಿದ್ದರು. ಲೇಖನದಲ್ಲಿ ಅಪ್ರಕಟಿತ ಫಲಿತಾಂಶಗಳಿಂದ ಪ್ರೇರಣೆ ದೊರೆಯಿತೆಂಬ ಒಂದು ವಾಕ್ಯದಲ್ಲಿ ವಿಲ್ಕಿನ್ಸರ ಜೊತೆ ಆಕೆಯ ಹೆಸರು ಬರುತ್ತದೆ. ಫ್ರಾಂಕ್ಲಿನ್ 1958ರಲ್ಲಿ ತೀರಿಕೊಂಡರು. ಪಾರಿತೋಷಕ ಬಂದುದು 1962ರಲ್ಲಿ, ಉಳಿದ ಮೂವರಿಗೆ. ಆಕೆಗೆ ಸಲ್ಲಬೇಕಾದುದು ಸಂದಿತೆ ಎಂಬ ಪ್ರಶ್ನೆ ಇನ್ನೂ ಮುಗಿದಿಲ್ಲ. ಸಲ್ಲಬೇಕಾದಲ್ಲಿ ಒಂದು ಸಾಲು ಸಲ್ಲದಿದ್ದರೆ ಎಷ್ಟು ಕಾಲದ ನೋವಾಗುತ್ತದೆಂಬುದನ್ನು ಇದರಿಂದ ಅರಿಯಬಹುದು.

ನಕಲಿನ ಹಾವಳಿ

ಆಕರಗಳನ್ನು ನೋಡದೆಯೇ ನಕಲುಮಾಡುವ ದುರಭ್ಯಾಸವೂ ಉಂಟು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಿಮ್ಕಿನ್ ಮತ್ತು ರಾಯ್‌ಚೌಧುರಿ ಎಂಬ ಇಬ್ಬರು ಅದನ್ನು ಅಳೆಯಲು ಒಂದು ಜಾಣ ಉಪಾಯವನ್ನು ಹೂಡಿ 2003ರಲ್ಲಿ ಪ್ರಕಟಿಸಿದರು. ಪ್ರಸಿದ್ಧವಾದ ಒಂದು ಲೇಖನವನ್ನು ಸುಮಾರು 4,300 ಲೇಖನಗಳು ಉಲ್ಲೇಖಿಸಿದ್ದುವು. ಅವುಗಳಲ್ಲಿ 196ರಲ್ಲಿ ಸಂಪುಟ, ಪುಟ ಅಥವಾ ವರ್ಷ ತಪ್ಪಾಗಿತ್ತು. ಮೂಲವನ್ನು ನೋಡಿ ಬರೆಯುವಾಗ ಪ್ರತಿಯೊಬ್ಬನೂ ತನ್ನದೇ ಆದ ತಪ್ಪನ್ನು ಮಾಡಬೇಕು. 196 ತಪ್ಪುಗಳು ಬಹುಮಟ್ಟಿಗೆ ಬೇರೆಬೇರೆಯಾಗಿರಬೇಕು. ಆದರೆ ಬೇರೆಬೇರೆಯಾಗಿದ್ದುವು 45 ಮಾತ್ರ. ಅವುಗಳಲ್ಲಿ ಒಂದೇ ತಪ್ಪು 78 ಲೇಖನಗಳಲ್ಲಿ ಕಾಣಿಸಿಕೊಂಡಿತು. ಪರೀಕ್ಷೆಯಲ್ಲಿ ಹತ್ತು ಹುಡುಗರು ಒಂದೇ ವಿಚಿತ್ರವಾದ ತಪ್ಪು ಉತ್ತರವನ್ನು ಬರೆದರೆ ಉಪಾಧ್ಯಾಯನಿಗೆ ಏನು ತೋರುತ್ತದೆ? ಇಲ್ಲಿಯೂ ಅದೇ ತೀರ್ಮಾನ. 45ನ್ನು 196ರಿಂದ ಭಾಗಿಸಿದರೆ 0.23 ಬರುತ್ತದೆ. ಉಲ್ಲೇಖಿಸುವವರಲ್ಲಿ ಮೂಲವನ್ನು ತೆರೆದು ನೋಡುವವರು ನೂರಕ್ಕೆ ಇಪ್ಪತ್ತರ ಆಸುಪಾಸು ಎಂದು ಅವರು ಹೇಳಿದರು. ಮೂಲವನ್ನು ಓದಿದವನೂ ವಿಳಾಸವನ್ನು ಮಾತ್ರ ಬೇರೆಡೆಯಿಂದ ನಕಲುಮಾಡಿಕೊಂಡಿರಬಹುದೆಂಬ ಆಕ್ಷೇಪಣೆಗೆ ಇಲ್ಲಿ ಅವಕಾಶವಿದೆ. ಹಾಗಿದ್ದರೂ ವಿಳಾಸವನ್ನು ಮೂಲದೊಡನೆ ಹೋಲಿಸಿ ನೋಡಲಿಲ್ಲವೆಂಬುದಂತೂ ಸ್ಪಷ್ಟ.

ಇನ್ನೊಂದು ಪ್ರಕರಣ ಇದಕ್ಕಿಂತ ವಿಚಿತ್ರ. ದೊಡ್ಡ ಪ್ರಕಾಶನ ಸಂಸ್ಥೆಯೊಂದು ಆಕರವನ್ನು ಬರೆಯುವ ಕ್ರಮವನ್ನು ತೋರಿಸಲು ಲೇಖಕರ ಕೈಪಿಡಿಯಲ್ಲಿ ಒಂದು ಕಲ್ಪಿತ ಲೇಖನವನ್ನು ಮಾದರಿಯಾಗಿ ಅಚ್ಚುಹಾಕಿತ್ತು. ಅಂಥ ಲೇಖನವೂ ಇಲ್ಲ, ಆ ಹೆಸರಿನ ಪತ್ರಿಕೆಯೂ ಇಲ್ಲ. ಆದರೂ ನೂರಾರು ಲೇಖನಗಳು ಅದನ್ನು ಉಲ್ಲೇಖಿಸಿರುವುದು ಬೆಳಕಿಗೆ ಬಂದಿತು. ಮಾದರಿಯ ಸಾಲನ್ನು ಅಳಿಸಲು ಲೇಖಕರು ಮರೆತಿದ್ದರು. ಪರಿಶೀಲಕರೂ ಸಂಪಾದಕರೂ ಗಮನಿಸಿರಲಿಲ್ಲ.

ಈಗ ಈ ಅಪಾಯ ಇನ್ನಷ್ಟು ಹೆಚ್ಚಿದೆ. 2022ರ ಕೊನೆಯಲ್ಲಿ ಬಳಕೆಗೆ ಬಂದ ಚಾಟ್‌ಜಿಪಿಟಿಯಂಥ ಯಂತ್ರಗಳು ಕೇಳಿದೊಡನೆ ಆಕರಪಟ್ಟಿಯನ್ನು ಒಪ್ಪವಾಗಿ ಕೊಡಬಲ್ಲವು. ಅಲ್ಪವಿರಾಮ, ಕಂಸ, ದಪ್ಪಕ್ಷರ ಎಲ್ಲವೂ ನಿಯಮದಂತೆಯೇ ಇರುತ್ತವೆ. ಲೇಖನ ಮಾತ್ರ ಲೋಕದಲ್ಲಿ ಎಲ್ಲಿಯೂ ಇಲ್ಲದಿರಬಹುದು. 2023ರಲ್ಲಿ ನ್ಯೂಯಾರ್ಕಿನ ಒಂದು ನ್ಯಾಯಾಲಯ, ಯಂತ್ರ ಕಟ್ಟಿಕೊಟ್ಟ ಇಲ್ಲದ ತೀರ್ಪುಗಳನ್ನು ಪ್ರಮಾಣವಾಗಿ ಒಪ್ಪಿಸಿದ ವಕೀಲರಿಗೆ 5,000 ಡಾಲರ್ ದಂಡ ವಿಧಿಸಿತು. ರೂಪ ಶುದ್ಧವಾಗಿದ್ದ ಮಾತ್ರಕ್ಕೆ ಆಕರ ನಿಜವಾಗದು.

ಹಸ್ತಪ್ರತಿಯನ್ನು ಸಿದ್ಧಪಡಿಸುವಾಗ

ಕೊನೆಯದಾಗಿ ಕೆಲವು ವ್ಯವಹಾರದ ಮಾತುಗಳು. ಓದುವಾಗಲೇ ಆಕರದ ಪೂರ್ಣ ವಿವರವನ್ನು ಬರೆದಿಟ್ಟುಕೊಳ್ಳಬೇಕು. ಆಮೇಲೆ ಹುಡುಕಿದರಾಯಿತೆಂದರೆ ಕೆಲಸ ಹತ್ತುಪಾಲಾಗುತ್ತದೆ. 1985ರಲ್ಲಿ ಹುಟ್ಟಿದ ‘ಬಿಬ್‌ಟೆಕ್’, 2006ರಲ್ಲಿ ಬಂದ ಉಚಿತವಾದ ‘ಜೊಟೆರೊ’ ಮೊದಲಾದ ತಂತ್ರಾಂಶಗಳಲ್ಲಿ ವಿವರವನ್ನು ಒಮ್ಮೆ ತುಂಬಿಟ್ಟರೆ ಸಾಕು. ನಡುವೆ ಹೊಸ ಆಕರ ಸೇರಿದಾಗ ಸಂಖ್ಯೆಗಳನ್ನು ಅವು ತಾವೇ ಸರಿಪಡಿಸುತ್ತವೆ; ಪತ್ರಿಕೆ ಬದಲಾದರೆ ಶೈಲಿಯನ್ನೂ ಬದಲಾಯಿಸುತ್ತವೆ. ಆದರೆ ಒಳಗೆ ತುಂಬಿದ ವಿವರ ತಪ್ಪಾಗಿದ್ದರೆ ಹೊರಗೆ ಬರುವುದೂ ತಪ್ಪೇ. ಪತ್ರಿಕೆಗಳ ಹೆಸರನ್ನು ಮನಬಂದಂತೆ ಮೊಟಕುಗೊಳಿಸಬಾರದು. ಅದಕ್ಕೆ ಅಂತರರಾಷ್ಟ್ರೀಯ ನಿಯಮವುಂಟು. ಅದರ ಪ್ರಕಾರ ನೇಚರ್ ಎಂಬಂಥ ಒಂದೇ ಪದದ ಹೆಸರನ್ನು ಮೊಟಕುಗೊಳಿಸುವಂತಿಲ್ಲ. ಒಡಲಿನಲ್ಲಿ ಸೂಚಿಸಿದ ಪ್ರತಿಯೊಂದು ಆಕರವೂ ಪಟ್ಟಿಯಲ್ಲಿರಬೇಕು. ಪಟ್ಟಿಯಲ್ಲಿರುವ ಪ್ರತಿಯೊಂದೂ ಒಡಲಿನಲ್ಲಿ ಬಂದಿರಬೇಕು. ಮೂಲವನ್ನು ನೋಡದೆ ಇನ್ನೊಬ್ಬರ ಗ್ರಂಥದ ಮೂಲಕ ತಿಳಿದುಕೊಂಡಿದ್ದರೆ, ನೋಡಿದ ಗ್ರಂಥವನ್ನೇ ಹೆಸರಿಸಿ ಹಾಗೆಂದು ಹೇಳುವುದು ಪ್ರಾಮಾಣಿಕತೆ. ಓಮನ ನಿಯಮದಂಥ ಸರ್ವವಿದಿತ ಸಂಗತಿಗೆ ಆಕರ ಬೇಕಿಲ್ಲ; ಇನ್ನೊಬ್ಬರು ಅಳೆದ ಸಂಖ್ಯೆ, ಇನ್ನೊಬ್ಬರು ಹೊಳೆಯಿಸಿದ ಉಪಾಯ, ಇನ್ನೊಬ್ಬರ ಚಿತ್ರ ಇವಕ್ಕೆ ಬೇಕೇ ಬೇಕು.

ಆಕರಪಟ್ಟಿ ನಮ್ಮನ್ನು ಹಿಂದಿನ ಕಾಲಕ್ಕೆ ಕರೆದೊಯ್ಯುತ್ತದೆ. ಒಂದು ಲೇಖನ ಪ್ರಕಟವಾದ ಮೇಲೆ ಅದನ್ನು ಯಾರುಯಾರು ಉಪಯೋಗಿಸಿಕೊಂಡರೆಂದು ಮುಂದಕ್ಕೆ ಹೋಗುವ ದಾರಿಯೂ ಬೇಕಲ್ಲವೆ? ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಇದನ್ನು 1955ರಲ್ಲಿ ಸೂಚಿಸಿ, 1964ರಲ್ಲಿ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ ಎಂಬ ಸೂಚಿಯನ್ನು ಹೊರತಂದರು. ಇಂದು ಇದೇ ಬಗೆಯ ಸೂಚಿಗಳು ಗಣಕಯಂತ್ರದಲ್ಲಿ ಕ್ಷಣಮಾತ್ರದಲ್ಲಿ ದೊರೆಯುತ್ತವೆ. ಅವೆಲ್ಲ ನಿಂತಿರುವುದು ಲೇಖಕರು ಸರಿಯಾಗಿ ಬರೆದ ಸಾಲುಗಳ ಮೇಲೆ. ಸಂಖ್ಯೆಯೊಂದು ತಪ್ಪಿದರೆ ಸರಪಳಿಯ ಕೊಂಡಿ ಅಲ್ಲಿಗೆ ಕಳಚುತ್ತದೆ.

ವಿದ್ಯಾರ್ಥಿಗಳು ಈ ದಾರಿಯನ್ನು ತಾವೇ ನಡೆದು ನೋಡುವುದು ಕಷ್ಟವಲ್ಲ. ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆ ರಾಮನ್ನರ ಲೇಖನಗಳನ್ನು ಅಂತರಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳನ್ನು ಹಾಗೆಯೇ ಒದಗಿಸಿದೆ. ಮೇಲೆ ಕೊಟ್ಟ 121, 501 (1928) ಎಂಬ ವಿಳಾಸವನ್ನು ಹಿಡಿದು ಹೊರಡಿ. ಎರಡು ಪುಟವನ್ನೂ ತುಂಬದ ಆ ಟಿಪ್ಪಣಿ ಕೈಗೆ ಸಿಕ್ಕಿದಾಗ ನಿಧಾನವಾಗಿ ಓದಿ, ಅದು ಯಾರ ಕೆಲಸವನ್ನು ನೆನೆಯುತ್ತದೆಂದು ಗುರುತು ಹಾಕಿಕೊಳ್ಳಿ.